ಹಂಪಿ–ಆನೆಗೊಂದಿ: ಗೈಡ್ ಜೊತೆ ಒಂದು ರಾತ್ರಿ ಉಳಿದು ನೋಡೋದು ಹೇಗೆ

ಹಂಪಿನ ಒಂದೇ ದಿನದಲ್ಲಿ ಮುಗಿಸ್ಕೊಂಡು ಬರ್ತೀವಿ ಅನ್ನೋರಿಗೆ ನಾನು ಹೇಳೋದು ಒಂದೇ ಮಾತು, ಒಂದು ರಾತ್ರಿ ಅಲ್ಲೇ ಉಳ್ಕೊಳ್ಳಿ, ಜೊತೆಗೆ ಒಬ್ಬ ಲೋಕಲ್ ಗೈಡ್ ಇರ್ಲಿ. ಯಾಕಂದ್ರೆ ಅಲ್ಲಿ ಎರಡು ಊರಿವೆ. ಒಂದು 1336ರಿಂದ 1565ರವರೆಗೆ ವಿಜಯನಗರದ ರಾಜಧಾನಿಯಾಗಿದ್ದ ಊರು, ಅದಕ್ಕೆ ಶಾಸನ ಇದೆ, ತಾರೀಖಿದೆ, ಹೊರದೇಶದಿಂದ ಬಂದು ಕಣ್ಣಾರೆ ನೋಡಿ ಬರೆದಿಟ್ಟವರ ಮಾತಿದೆ. ಇನ್ನೊಂದು ಕಿಷ್ಕಿಂಧೆ, ವಾಲಿ ಸುಗ್ರೀವ ಹನುಮಂತನ ಊರು, ಅದು ಜನರ ಬಾಯಲ್ಲಿ ಇರೋದು, ಪ್ರತಿ ಬಂಡೆಗೂ ಪ್ರತಿ ಗುಡ್ಡಕ್ಕೂ ಒಂದು ಕಥೆ. ಒಂದೇ ದಿನದಲ್ಲಿ ಓಡಾಡಿದ್ರೆ ಎರಡೂ ತಲೇಲಿ ಕಲಸಿಹೋಗಿ ಕೊನೆಗೆ ಕಲ್ಲಿನ ರಥದ ಮುಂದೆ ತೆಗ್ಸಿದ ಫೋಟೋ ಒಂದೇ ಉಳಿಯೋದು. ಮೊದಲನೇ ದಿನ ರಾಜಧಾನಿ, ಎರಡನೇ ದಿನ ತುಂಗಭದ್ರೆಯ ಆ ದಡದ ಆನೆಗೊಂದಿ ಕಡೆಯ ಕಿಷ್ಕಿಂಧೆ, ಮಧ್ಯದ ರಾತ್ರಿ ಕಥೆ ಕೇಳೋಕೆ, ಹೀಗೆ ಇಟ್ಕೊಂಡ್ರೆ ಎರಡಕ್ಕೂ ಜಾಗ ಸಿಗತ್ತೆ.

ಮೊದ್ಲು ಗೈಡ್ ವಿಷಯ, ಯಾಕಂದ್ರೆ ಟೂರ್ ಚೆನ್ನಾಗಾಗೋದೂ ಕೆಡೋದೂ ಅಲ್ಲೇ. ಹಂಪಿಲಿ ಪ್ರವಾಸೋದ್ಯಮ ಇಲಾಖೆಯಿಂದ ಗುರುತಿನ ಚೀಟಿ ಪಡೆದಿರೋ ಗೈಡ್‌ಗಳು ಇದ್ದಾರೆ, ಕಾರ್ಡ್ ತೋರ್ಸಿ ಅಂತ ಕೇಳೋದಕ್ಕೆ ಸಂಕೋಚ ಬೇಡ, ನಿಜವಾದವರು ಬೇಜಾರು ಮಾಡ್ಕೊಳ್ಳಲ್ಲ. ಬಸ್ ಸ್ಟ್ಯಾಂಡಲ್ಲಿ ಇಳಿದ ಕೂಡ್ಲೇ ಹಿಂದೆ ಬರೋರ ಜೊತೆ ಹೋಗೋ ಬದ್ಲು ನೀವು ಉಳಿಯೋ ಹೋಟೆಲ್ ಅಥವಾ ಹೋಮ್‌ಸ್ಟೇಯವರ ಹತ್ರ ಮೊದ್ಲೇ ಹೇಳಿಟ್ರೆ ಒಳ್ಳೆಯವರು ಸಿಗ್ತಾರೆ. ರೇಟ್ ಮಾತಾಡುವಾಗ ಬರೀ "ಫುಲ್ ಡೇ" ಅಂತ ಬಿಡ್ಬೇಡಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾವ ಭಾಷೆಲಿ ಹೇಳ್ತಾರೆ, ನದಿ ಆ ಕಡೆಗೂ ಬರ್ತಾರಾ, ಗಾಡಿ ಬಾಡಿಗೆ ಬೇರೆನಾ, ಊಟ ಯಾರದ್ದು, ಇಷ್ಟನ್ನೂ ಮೊದ್ಲೇ ಮಾತಾಡ್ಕೊಳ್ಳಿ. ಹಂಪಿ ಇರೋದು ವಿಜಯನಗರ ಜಿಲ್ಲೆ, ಆನೆಗೊಂದಿ ಕೊಪ್ಪಳ ಜಿಲ್ಲೆ, ಎರಡೂ ಕಡೆ ಗೈಡ್‌ಗಳು ಬೇರೆ ಬೇರೆ ಇರೋದೇ ಜಾಸ್ತಿ, ಹಾಗಾಗಿ ಎರಡನೇ ದಿನಕ್ಕೆ ಆನೆಗೊಂದಿಯವರನ್ನೇ ತಗೊಳ್ಳೋದು ನನಗೆ ಸರಿ ಅನ್ಸತ್ತೆ, ಆ ಊರಿನ ಕಥೆ ಆ ಊರಿನವರ ಬಾಯಲ್ಲೇ ಚೆಂದ.

ಗೈಡ್ ಹೇಗೆ ಅಂತ ತಿಳ್ಕೊಳ್ಳೋಕೆ ನಾನು ಕೇಳೋ ಪ್ರಶ್ನೆ ಒಂದೇ: "ಇದು ಶಾಸನದಲ್ಲಿ ಇದ್ಯಾ, ಇಲ್ಲ ಜನ ಹೇಳೋದಾ?" ಒಳ್ಳೆ ಗೈಡ್ ಆದ್ರೆ ಈ ಪ್ರಶ್ನೆಗೆ ಖುಷಿಯಾಗ್ತಾರೆ. "ಇದು ಕಥಿರಿ ಸರ, ನಮ್ಮ ಅಜ್ಜ ಹೇಳ್ತಿದ್ದದ್ದು, ಆದ್ರ ಆ ಕಲ್ಲಾಗ ಬರ್ದದ್ದು ಬ್ಯಾರೆ ಐತ್ರಿ" ಅಂತ ಬಿಡಿಸಿ ಹೇಳೋರು ಸಿಕ್ರೆ ಬಿಡ್ಬೇಡಿ, ನದಿ ಆ ಕಡೆಗೂ ಬರೋದಾದ್ರೆ ಎರಡು ದಿನಕ್ಕೂ ಅವರೇ ಇರ್ಲಿ. ಇನ್ನೊಂದು, ವಿಠ್ಠಲ ದೇವಸ್ಥಾನದ ಸಂಗೀತದ ಕಂಬಗಳನ್ನ ಮುಟ್ಟೋ ಹಾಗಿಲ್ಲ, ಬಾರಿಸೋ ಹಾಗಿಲ್ಲ. ಯಾರಾದ್ರೂ "ಸ್ವಲ್ಪ ತಟ್ಟಿ ಕೇಳಿಸ್ತೀನಿ" ಅಂದ್ರೆ ಬೇಡ ಅಂತ ಖಡಕ್ಕಾಗಿ ಹೇಳಿ. 2019ರಲ್ಲಿ ಆನೆ ಲಾಯದ ಹಿಂದೆ ಇರೋ ಒಂದು ಗುಡಿ ಹತ್ರ ಹುಡುಗರು ಕಲ್ಲುಕಂಬ ಬೀಳ್ಸಿ ವಿಡಿಯೋ ಹಾಕಿದ್ದು ನೆನಪಿರ್ಬಹುದು, ಕೋರ್ಟ್ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿ ಅವರ ಕೈಲೇ ಕಂಬ ಎತ್ತಿ ನಿಲ್ಸೋ ಹಾಗೆ ಮಾಡ್ತು. ಆ ವಿಡಿಯೋ ನೋಡಿದಾಗ ಆದ ಸಂಕಟ ನನಗೆ ಇನ್ನೂ ಹೋಗಿಲ್ಲ, ಅದಕ್ಕೇ ಇದನ್ನ ಮಕ್ಕಳಿಗೂ ಮೊದ್ಲೇ ಹೇಳಿ ಕರ್ಕೊಂಡು ಹೋಗಿ.

ಬೆಂಗಳೂರಿಂದ ಹೋಗೋರಿಗೆ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದ್ರೆ ಬೆಳಿಗ್ಗೆ ಹೊಸಪೇಟೆ. ಹೊಸಪೇಟೆಯಿಂದ ಹಂಪಿ ಸುಮಾರು 13 ಕಿಲೋಮೀಟರ್, ಬಸ್ ಇದೆ, ಆಟೋ ಇದೆ. ನಾಲ್ಕೈದು ಜನ ಇದ್ರೆ ಎರಡು ದಿನಕ್ಕೂ ಒಂದೇ ಗಾಡಿ ಮಾತಾಡ್ಕೊಳ್ಳೋದು ಒಳ್ಳೇದು, ಜಾಗಗಳು ದೂರ ದೂರ ಇವೆ. ಕಾಲ ಅಂದ್ರೆ ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್ ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟತ್ತೆ, ಬಂಡೆಗಳೆಲ್ಲ ಕಾದು ಸಂಜೆ ಆದ್ರೂ ಬಿಸಿ ಬಿಡ್ತಾನೇ ಇರತ್ತೆ, ವಯಸ್ಸಾದೋರನ್ನ ಆಗ ಕರ್ಕೊಂಡು ಹೋಗ್ಲೇಬೇಡಿ.

ಮೊದಲನೇ ದಿನ. ಹೊಸಪೇಟೆಲಿ ಸ್ನಾನ ಮುಗ್ಸಿ, ಒಗ್ಗರಣೆ ಮಂಡಕ್ಕಿ ಮಿರ್ಚಿ ತಿಂದು, ಎಂಟು ಗಂಟೆಗೆಲ್ಲ ಗೈಡ್ ಜೊತೆ ಶುರು ಮಾಡಿ. ಕಡಲೆಕಾಳು ಗಣೇಶ, ಸಾಸಿವೆಕಾಳು ಗಣೇಶ, ಅಲ್ಲಿಂದ ಕೃಷ್ಣ ದೇವಸ್ಥಾನ. ಕೃಷ್ಣದೇವರಾಯ ಉದಯಗಿರಿ ಗೆದ್ದು ಅಲ್ಲಿಂದ ತಂದ ಬಾಲಕೃಷ್ಣನ ಮೂರ್ತಿಗೆ ಅಂತ 1513ರ ಹೊತ್ತಿಗೆ ಕಟ್ಸಿದ್ದು ಇದು, ಮೂರ್ತಿ ಈಗ ಚೆನ್ನೈ ಮ್ಯೂಸಿಯಂನಲ್ಲಿದೆ. ಅಲ್ಲೇ ಹತ್ರ ನರಸಿಂಹ, 6.7 ಮೀಟರ್ ಎತ್ತರ, ಒಂದೇ ಬಂಡೆ, 1528ರದ್ದು. ಎಲ್ರೂ ಮುಂದೆ ನಿಂತು ಆ ದೊಡ್ಡ ಕಣ್ಣು ನೋಡಿ ಉಗ್ರನರಸಿಂಹ ಅಂತ ಕೈ ಮುಗಿದು ಹೊರಟುಬಿಡ್ತಾರೆ. ಸ್ವಲ್ಪ ನಿಲ್ಲಿ, ಗೈಡ್‌ಗೆ ಬೆನ್ನಿನ ಕಡೆ ಇರೋ ಕೈ ತೋರ್ಸೋಕೆ ಹೇಳಿ. ಅದು ಲಕ್ಷ್ಮಿ ಕೈ. ತೊಡೆ ಮೇಲೆ ಕೂತಿದ್ದ ಲಕ್ಷ್ಮಿ ಮೂರ್ತಿ ಒಡೆದು ಹೋಗಿದೆ, ಅಪ್ಪಿಕೊಂಡಿದ್ದ ಆ ಒಂದು ಕೈ ಮಾತ್ರ ಬೆರಳುಗಳ ಸಮೇತ ಹಾಗೇ ಉಳ್ಕೊಂಡಿದೆ. ಅದನ್ನ ನೋಡಿದ ಮೇಲೆ ಇಡೀ ಮೂರ್ತಿನೇ ಬೇರೆ ಥರ ಕಾಣ್ಸತ್ತೆ, 1565ರ ತಾಳಿಕೋಟೆ ಯುದ್ಧ ಸೋತ ಮೇಲೆ ಈ ಊರಿಗೆ ಏನಾಯ್ತು ಅಂತ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಪಕ್ಕದಲ್ಲೇ ಬಡವಿಲಿಂಗ, ಪೀಠ ಯಾವಾಗ್ಲೂ ನೀರಲ್ಲೇ ಇರತ್ತೆ.

ಹತ್ತು ಗಂಟೆ ಸುಮಾರಿಗೆ ರಾಜರ ಆವರಣಕ್ಕೆ ಬನ್ನಿ. ಇಲ್ಲಿ ಹಜಾರರಾಮ ದೇವಸ್ಥಾನಕ್ಕೆ ಮುಕ್ಕಾಲು ಗಂಟೆನಾದ್ರೂ ಕೊಡಿ, ಜಾಸ್ತಿ ಟೂರ್‌ನವರು ಹತ್ತು ನಿಮಿಷದಲ್ಲಿ ಎಬ್ಬಿಸಿಬಿಡ್ತಾರೆ. ಹೊರಗಿನ ಕಾಂಪೌಂಡ್ ಗೋಡೆ ಮೇಲೆ ಆನೆ, ಕುದುರೆ, ಸೈನಿಕರು, ಕುಣಿಯೋ ಹೆಂಗಸರು, ಸಾಲು ಸಾಲಾಗಿ ಮಹಾನವಮಿ ಮೆರವಣಿಗೆ ಹೋಗ್ತಾ ಇರೋ ಹಾಗೆ. ಒಳಗೆ ಗುಡಿ ಗೋಡೆ ಮೇಲೆ ರಾಮಾಯಣ, ಮೂರು ಸಾಲಲ್ಲಿ. ಓದೋ ಕ್ರಮ ಏನಂದ್ರೆ ಒಂದು ಸಾಲು ಹಿಡ್ಕೊಂಡು ಪ್ರದಕ್ಷಿಣೆ ಹಾಕಿ, ಆಮೇಲೆ ಮುಂದಿನ ಸಾಲು, ಹೀಗೆ ಮೂರು ಸುತ್ತು ಬಂದ್ರೆ ಕಥೆ ಪೂರ್ತಿಯಾಗತ್ತೆ. ಒಂದೇ ಬಾಣದಲ್ಲಿ ಏಳು ಮರ ಸೀಳೋ ರಾಮ, ರಾವಣನ ಸಭೆಲಿ ಬಾಲ ಸುತ್ತಿ ಆಸನ ಮಾಡ್ಕೊಂಡು ಅವನ ಸಮಕ್ಕೆ ಕೂತ ಹನುಮಂತ, ಮಕ್ಕಳಿಗೆ ಇದನ್ನ ಹುಡ್ಕೋಕೆ ಹೇಳಿ, ಅರ್ಧ ಗಂಟೆ ಕದಲಲ್ಲ ಅವರು. ಇದನ್ನ ಮೊದಲನೇ ದಿನಾನೇ ನೋಡ್ಬೇಕು ಅನ್ನೋದು ನನ್ನ ಹಠ, ಯಾಕಂದ್ರೆ ಮರುದಿನ ನೀವು ಹೋಗೋ ಜಾಗಗಳ ಕಥೆಯೆಲ್ಲ ಈ ಗೋಡೆ ಮೇಲಿದೆ.

ಅಲ್ಲಿಂದ ಮಹಾನವಮಿ ದಿಬ್ಬ, ಮತ್ತೆ ಮೆಟ್ಟಿಲು ಪುಷ್ಕರಣಿ. ಈ ಪುಷ್ಕರಣಿ 1980ರ ದಶಕದವರೆಗೂ ಮಣ್ಣಲ್ಲಿ ಮುಚ್ಚಿಹೋಗಿತ್ತು, ಪುರಾತತ್ವ ಇಲಾಖೆಯವರು ಅಗೆದಾಗ ಸಿಕ್ಕಿದ್ದು. ಕಪ್ಪು ಕಲ್ಲಿನ ಮೆಟ್ಟಿಲುಗಳು, ಅಳತೆ ಇಟ್ಟು ಕೊರೆದಿರೋದು ಎಷ್ಟು ನಿಖರ ಅಂದ್ರೆ ನಿನ್ನೆ ಮೊನ್ನೆ ಮಾಡಿದ ಹಾಗಿದೆ. ಗೈಡ್‌ಗೆ ಕಲ್ಲಿನ ಮೇಲಿರೋ ಕನ್ನಡ ಅಕ್ಷರ ತೋರ್ಸೋಕೆ ಹೇಳಿ: ಯಾವ ಕಲ್ಲು ಯಾವ ದಿಕ್ಕಿಗೆ, ಎಷ್ಟನೇ ಸಾಲಿಗೆ ಅಂತ ಕೆತ್ತಿದವರು ಗುರುತು ಹಾಕಿಟ್ಟಿದ್ದಾರೆ. ಅಂದ್ರೆ ಬೇರೆ ಕಡೆ ಕೊರೆದು ತಂದು ಇಲ್ಲಿ ಜೋಡ್ಸಿರೋದು. ರಾಜರ ಹೊಗಳಿಕೆಯ ಶಾಸನಕ್ಕಿಂತ ಆ ಕೆಲಸಗಾರರ ಒಂದೊಂದು ಅಕ್ಷರ ನನಗೆ ಹೆಚ್ಚು ಹತ್ತಿರ ಅನ್ಸತ್ತೆ.

ಮಧ್ಯಾಹ್ನ ಬಿಸಿಲಿಗೆ ಕಮಲಾಪುರದಲ್ಲಿ ಊಟ ಮಾಡಿ ಅಲ್ಲೇ ಮ್ಯೂಸಿಯಂಗೆ ಹೋಗಿ, ಒಳಗೆ ಇಡೀ ಹಂಪಿಯ ದೊಡ್ಡ ಮಾದರಿ ಇದೆ, ಗುಡ್ಡ ಎಲ್ಲಿ ನದಿ ಎಲ್ಲಿ ದೇವಸ್ಥಾನ ಎಲ್ಲಿ ಅಂತ ಒಂದು ಸಲ ನೋಡಿದ್ರೆ ತಲೇಲಿ ಕೂರತ್ತೆ. ಶುಕ್ರವಾರ ಮ್ಯೂಸಿಯಂ ರಜಾ, ಪ್ಲಾನ್ ಮಾಡುವಾಗ ನೋಡ್ಕೊಳ್ಳಿ. ಟಿಕೆಟ್ ವಿಷಯ ಒಂದು ನೆನಪಿರ್ಲಿ, ವಿಠ್ಠಲ ದೇವಸ್ಥಾನ, ಕಮಲಮಹಲ್ ಇರೋ ಆವರಣ, ಮ್ಯೂಸಿಯಂ ಮೂರಕ್ಕೂ ಒಂದೇ ಟಿಕೆಟ್, ಆದ್ರೆ ಅದೇ ದಿನಕ್ಕೆ ಮಾತ್ರ, ಅದಕ್ಕೇ ಮೂರನ್ನೂ ಒಂದೇ ದಿನ ಇಟ್ಕೊಳ್ಳಿ, ಟಿಕೆಟ್ ಬಿಸಾಕ್ಬೇಡಿ. ಕಮಲಮಹಲ್, ಆನೆ ಲಾಯ ಒಂದು ಗಂಟೆಲಿ ಆಗತ್ತೆ.

ವಿಠ್ಠಲ ದೇವಸ್ಥಾನಕ್ಕೆ ಮೂರೂವರೆ ಹೊತ್ತಿಗೆ. ಗಾಡಿ ನಿಲ್ಸಿದ ಕಡೆಯಿಂದ ಬ್ಯಾಟರಿ ಗಾಡಿ ಇದೆ, ಕ್ಯೂ ಉದ್ದ ಇದ್ರೆ ನಡೆದೇ ಹೋಗ್ಬಹುದು, ದಾರಿಲಿ ಮಂಟಪಗಳೂ ಪುಷ್ಕರಣಿನೂ ಸಿಗತ್ತೆ. ಕಲ್ಲಿನ ರಥ ಅಂತ ನಾವು ಕರೆಯೋದು ನಿಜವಾಗಿ ಗರುಡನ ಗುಡಿ, 50 ರೂಪಾಯಿ ನೋಟಿನ ಮೇಲಿರೋದೂ ಇದೇ. ಅದರ ಫೋಟೋ ಗಲಾಟೆ ಬಿಟ್ಟು ಮಂಟಪಗಳ ಕಂಬ ನೋಡ್ತಾ ಕೂತ್ಕೊಳ್ಳಿ.

ಈಗ ಮುಖ್ಯ ಸಲಹೆ. ವಿಠ್ಠಲದಿಂದ ವಾಪಸ್ ಗಾಡಿಲಿ ಬರ್ಬೇಡಿ. ಡ್ರೈವರ್‌ಗೆ ಹಂಪಿ ಬಸ್ ಸ್ಟ್ಯಾಂಡ್ ಹತ್ರ ಬಂದಿರಿ ಅಂತ ಹೇಳಿ ಕಳ್ಸಿ, ನೀವು ಗೈಡ್ ಜೊತೆ ನದಿ ದಂಡೆ ಹಿಡ್ಕೊಂಡು ವಿರೂಪಾಕ್ಷದ ಕಡೆ ನಡೀರಿ, ಸುಮಾರು ಎರಡು ಕಿಲೋಮೀಟರ್. ಇದೇ ದಾರಿಲಿ ರಾಜಧಾನಿ ಮತ್ತೆ ಕಿಷ್ಕಿಂಧೆ ಒಂದಕ್ಕೊಂದು ಸೇರೋದು. ಮೊದ್ಲು ರಾಜರ ತುಲಾಭಾರದ ಕಲ್ಲುಕಂಬ ಸಿಗತ್ತೆ, ಸ್ವಲ್ಪ ಮುಂದೆ ಸುಗ್ರೀವನ ಗುಹೆ. ರಾವಣ ಎತ್ಕೊಂಡು ಹೋಗುವಾಗ ಸೀತೆ ಬಿಸಾಕಿದ ಒಡವೆಗಳನ್ನ ಸುಗ್ರೀವ ಬಚ್ಚಿಟ್ಟಿದ್ದು ಇಲ್ಲೇ ಅಂತಾರೆ, ಹತ್ರದ ಬಂಡೆ ಮೇಲೆ ಉದ್ದಕ್ಕೆ ಗೆರೆ ಇದೆ, ಅದು ಸೀತೆ ಸೆರಗು ಎಳೆದುಹೋದ ಗುರುತಂತೆ. ಆಮೇಲೆ ಕೋದಂಡರಾಮ ದೇವಸ್ಥಾನ, ರಾಮ ಸುಗ್ರೀವನಿಗೆ ಪಟ್ಟ ಕಟ್ಟಿದ ಜಾಗ ಅಂತ ನಂಬಿಕೆ, ಅದರ ಮೇಲ್ಗಡೆ ಮಾಧ್ವ ಯತಿ ವ್ಯಾಸರಾಜರು ಪ್ರತಿಷ್ಠೆ ಮಾಡಿದ ಯಂತ್ರೋದ್ಧಾರಕ ಹನುಮ. ಮಂಡಿ ನೋವಿರೋರು, ಪುಟ್ಟ ಮಕ್ಕಳು ಗಾಡಿಲೇ ಬರ್ಲಿ, ದಾರಿ ಕೆಲವು ಕಡೆ ಬಂಡೆ ಮೇಲಿದೆ. ಡ್ಯಾಮಿಂದ ನೀರು ಬಿಟ್ಟಾಗ ದಂಡೆಯ ಜಾಗಗಳು ಮುಳುಗತ್ತೆ, ಆಗ ಗೈಡ್ ಬೇಡ ಅಂದ್ರೆ ಬೇಡ. ಮತ್ತೆ ತುಂಗಭದ್ರೆಗೆ ಇಳಿಯೋದು, ಈಜೋದು ಬೇಡವೇ ಬೇಡ, ಬಂಡೆ ಮಧ್ಯೆ ಸುಳಿ ಇರತ್ತೆ, ಮೇಲಿಂದ ನೋಡಿದ್ರೆ ಗೊತ್ತೇ ಆಗಲ್ಲ.

ಸೂರ್ಯ ಮುಳುಗೋ ಹೊತ್ತಿಗೆ ಹೇಮಕೂಟದ ಮೇಲೆ ಇರ್ಬೇಕು. ಇಲ್ಲಿ ಕಾಣೋ ಮೆಟ್ಟಿಲು ಮೆಟ್ಟಿಲಾದ ಶಿಖರದ ಪುಟ್ಟ ಗುಡಿಗಳಲ್ಲಿ ಕೆಲವು ವಿಜಯನಗರಕ್ಕಿಂತ ಹಳೇವು. ಶಿವ ಇಲ್ಲೇ ತಪಸ್ಸಿಗೆ ಕೂತಿದ್ದು, ಮನ್ಮಥನ್ನ ಸುಟ್ಟಿದ್ದು, ಕೊನೆಗೆ ಪಂಪಾದೇವಿನ ಮದ್ವೆ ಆಗಿದ್ದು, ಆ ಮದ್ವೆಲಿ ಹೊನ್ನಿನ ಮಳೆ ಸುರಿದಿದ್ದು ಅಂತ ಕಥೆ. ಕೆಳಗೆ ವಿರೂಪಾಕ್ಷ ದೇವಸ್ಥಾನ, ರಾಜಧಾನಿ ಹಾಳಾದ್ರೂ ಪೂಜೆ ಇವತ್ತಿಗೂ ನಡೀತಿರೋ ಜಾಗ. ಗೋಪುರದ ನೆರಳು ಒಂದು ಸಣ್ಣ ಕಿಂಡಿಯಿಂದ ಬಂದು ಗೋಡೆ ಮೇಲೆ ತಲೆಕೆಳಗಾಗಿ ಬೀಳೋದನ್ನ ನೋಡೋಕೆ ಬಿಸಿಲು ಬೇಕು, ಹಾಗಾಗಿ ಅದನ್ನ ಬೆಳಿಗ್ಗೆ ಟೂರ್ ಶುರು ಮಾಡುವಾಗ್ಲೇ ಸೇರ್ಸಿಕೊಳ್ಳಿ, ಸಂಜೆ ದರ್ಶನ ಸಾಕು.

ರಾತ್ರಿ ಉಳಿಯೋದು ಎಲ್ಲಿ? ಹೊಸಪೇಟೆಲಿ ಎಲ್ಲ ರೇಟಿನ ಹೋಟೆಲ್ ಇವೆ, ಕಮಲಾಪುರದಲ್ಲಿ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಮಯೂರ ಭುವನೇಶ್ವರಿ ಹೋಟೆಲ್ ಇದೆ, ಹಂಪಿ ಊರಲ್ಲೇ ಸಣ್ಣ ಗೆಸ್ಟ್‌ಹೌಸ್‌ಗಳಿವೆ. ಆದ್ರೆ ಈ ಪ್ಲಾನ್‌ಗೆ ಆನೆಗೊಂದಿ ಹೋಮ್‌ಸ್ಟೇನೇ ಸರಿ. ಹಳೇ ಬ್ಲಾಗ್‌ಗಳಲ್ಲಿ ಬರೋ, ನದಿ ನಡುವಿನ ವಿರೂಪಾಪುರ ಗಡ್ಡಿಯ ರೆಸಾರ್ಟ್‌ಗಳು ಈಗಿಲ್ಲ, ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರಲ್ಲಿ ತೆರವಾದವು. ಸಂಜೆ ಮೇಲೆ ದೋಣಿ ಇರಲ್ಲ, ಬುಕ್ಕಸಾಗರ–ಕಡೇಬಾಗಿಲು ಸೇತುವೆ ಮೇಲೆ ಸುತ್ತಿ ಹೋಗ್ಬೇಕು, ಎಂಟು ಗಂಟೆ ಒಳಗೆ ಮನೆ ಸೇರೋ ಹಾಗೆ ನೋಡ್ಕೊಳ್ಳಿ. ರಾತ್ರಿ ಊಟ ಆದ್ಮೇಲೆ ಕೆರೆ ಕಾಲುವೆ ಅಂತ ಹೊರಗೆ ಹೋಗ್ಬೇಡಿ. 2025ರ ಮಾರ್ಚಲ್ಲಿ ಸಾಣಾಪುರದ ಕಾಲುವೆ ಹತ್ರ ರಾತ್ರಿ ಪ್ರವಾಸಿಗರ ಮೇಲೆ ಆದ ಘೋರ ಕೃತ್ಯ ಎಲ್ರಿಗೂ ಗೊತ್ತು, ಅದನ್ನ ಮರೆತು ಪ್ಲಾನ್ ಮಾಡೋದು ಸರಿಯಲ್ಲ. ಉಳಿಯೋ ಜಾಗ ಪರವಾನಗಿ ಇರೋದಾ ಅಂತ ಕೇಳಿ, ಮನೆಯವರಿಗೆ ಅಡ್ರೆಸ್ ಕಳ್ಸಿ.

ಒಳಗೇ ಇರಿ, ಕಥೆ ಕೇಳಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಊಟ ಮಾಡಿ, ಮನೆಯ ಹಿರಿಯರನ್ನೋ ಮರುದಿನದ ಗೈಡನ್ನೋ ಕೂರಿಸ್ಕೊಂಡು "ವಾಲಿ ಯಾಕೆ ಋಷ್ಯಮೂಕ ಗುಡ್ಡಕ್ಕೆ ಬರ್ತಿರ್ಲಿಲ್ಲ?" ಅಂತ ಕೇಳಿ ನೋಡಿ. ದುಂದುಭಿ ಅನ್ನೋ ಕೋಣನ ರೂಪದ ರಾಕ್ಷಸನ್ನ ವಾಲಿ ಕೊಂದು ಹೆಣ ಎತ್ತಿ ಬಿಸಾಕ್ತಾನೆ, ಅದರ ರಕ್ತ ಹಾರಿಬಂದು ಮತಂಗ ಋಷಿ ಆಶ್ರಮದಲ್ಲಿ ಬೀಳತ್ತೆ, ಇಲ್ಲಿಗೆ ಕಾಲಿಟ್ರೆ ನಿನಗೆ ಸಾವು ಅಂತ ಮತಂಗರು ಶಾಪ ಕೊಡ್ತಾರೆ. ಅಣ್ಣನಿಗೆ ಹೆದರಿ ಓಡಿಬಂದ ಸುಗ್ರೀವನಿಗೆ ಇಡೀ ಭೂಮಿಲಿ ಉಳಿದಿದ್ದು ಆ ಶಾಪ ಕಾಯ್ತಿದ್ದ ಜಾಗ ಒಂದೇ. ಈ ಕಥೆ ರಾತ್ರಿ ಕೇಳಿ ಬೆಳಿಗ್ಗೆ ಎದ್ದು ಆ ಗುಡ್ಡಗಳ ಸಾಲು ನೋಡಿದ್ರೆ ಗೈಡ್ ಬೆರಳು ತೋರ್ಸೋದೇ ಬೇಡ, ನೀವೇ ಗುರುತು ಹಿಡೀತೀರ. ಟೂರ್‌ಗಳಲ್ಲಿ ರಾತ್ರಿ ಅಂದ್ರೆ ಕ್ಯಾಂಪ್‌ಫೈರ್ ಡಿಜೆ ಇಡ್ತಾರೆ, ಅದು ಎಲ್ಲಾದ್ರೂ ಸಿಗತ್ತೆ, ಕಿಷ್ಕಿಂಧೆಲಿ ಕೂತು ಕಿಷ್ಕಿಂಧೆ ಕಥೆ ಕೇಳೋದು ಬೇರೆಲ್ಲೂ ಸಿಗಲ್ಲ.

ಎರಡನೇ ದಿನ ಬೆಳಿಗ್ಗೆ ಐದೂವರೆಗೆ ಅಂಜನಾದ್ರಿ ಕೆಳಗಿರಿ. 575 ಮೆಟ್ಟಿಲು, ಹನುಮ ಹುಟ್ಟಿದ ಬೆಟ್ಟ ಅಂತ ಭಕ್ತರು ಬರ್ತಾರೆ, ಶನಿವಾರ ಮತ್ತೆ ರಜಾ ದಿನ ಜನ ವಿಪರೀತ, ಆದಷ್ಟು ವಾರದ ಮಧ್ಯೆ ಹೋಗಿ. ಕೋತಿಗಳು ಕೈಲಿರೋ ಕವರ್ ಕಿತ್ಕೊಳ್ಳತ್ತೆ, ಬ್ಯಾಗ್ ಒಳಗೆ ಹಾಕ್ಕೊಳ್ಳಿ. ಮೇಲಿಂದ ಭತ್ತದ ಗದ್ದೆ, ತೆಂಗಿನ ತೋಟ, ನದಿ, ಆ ಕಡೆ ನಿನ್ನೆ ಓಡಾಡಿದ ಹಂಪಿ ಪೂರ್ತಿ ಕಾಣತ್ತೆ. ಮೆಟ್ಟಿಲು ಹತ್ತೋಕಾಗದ ಹಿರಿಯರಿದ್ರೆ ಅವರಿಗೆ ಮೊದಲನೇ ದಿನ ಮಾಲ್ಯವಂತ ಗುಡ್ಡ ಇಟ್ಕೊಳ್ಳಿ, ಮೇಲೆ ಹತ್ತಿರದವರೆಗೂ ಗಾಡಿ ಹೋಗತ್ತೆ, ಮಳೆಗಾಲ ಕಳೆಯೋವರೆಗೆ ರಾಮ ಲಕ್ಷ್ಮಣರು ಕಾದಿದ್ದು ಅಲ್ಲಿ ಅಂತಾರೆ, ರಾಮಾಯಣ ಪಾರಾಯಣ ನಡೀತಿರತ್ತೆ.

ಇಳಿದು ಬಂದು ಪಂಪಾ ಸರೋವರ, ಪಕ್ಕದಲ್ಲೇ ಶಬರಿ ಗುಹೆ. ಆನೆಗೊಂದಿ ಊರೊಳಗೆ ರಂಗನಾಥ ದೇವಸ್ಥಾನ, ಗಗನ ಮಹಲ್, ನದಿ ದಂಡೆಲಿ ಚಿಂತಾಮಣಿ. ವಾಲಿ ಮೇಲೆ ರಾಮ ಬಾಣ ಬಿಟ್ಟಿದ್ದು ಚಿಂತಾಮಣಿಯಿಂದ ಅಂತ ಹೇಳ್ತಾರೆ. ನೀರು ಕಮ್ಮಿ ಇದ್ದು ದೋಣಿ ನಡೀತಿದ್ರೆ ನವ ಬೃಂದಾವನಕ್ಕೆ ಹೋಗಿ, ಒಂಬತ್ತು ಯತಿಗಳ ಬೃಂದಾವನ ಅಂದ್ರೆ ಸಮಾಧಿ, ಮಧ್ಯದಲ್ಲಿ ವ್ಯಾಸರಾಜರದ್ದು. ಅಲ್ಲಿ ಮಡಿ ಮೌನ ಪಾಲಿಸ್ತಾರೆ, ಫೋನ್ ಒಳಗಿಡಿ.

ಕಾಲಲ್ಲಿ ಇನ್ನೂ ಶಕ್ತಿ ಇದ್ರೆ ಹಿರೇಬೆಣಕಲ್ ಬಿಡ್ಬೇಡಿ. ನನ್ನ ಕೇಳಿದ್ರೆ ಬೇಸಿಗೇಲಿ ಅಂಜನಾದ್ರಿ ಬಿಟ್ಟು ಬೆಳ್ಬೆಳಿಗ್ಗೆ ನೇರ ಇಲ್ಲಿಗೇ ಬನ್ನಿ ಅಂತೀನಿ, ಚಳಿಗಾಲದಲ್ಲಿ ಎರಡೂ ಆಗತ್ತೆ. ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್. ರಸ್ತೆಯಿಂದ ಗುಡ್ಡ ಹತ್ತಿ ಹೋಗ್ಬೇಕು, ದಾರಿ ತಪ್ಪೋದು ಸುಲಭ, ಊರಿನವರೊಬ್ಬರು ಜೊತೆಗಿರ್ಲೇಬೇಕು, ಒಬ್ಬೊಬ್ಬರಿಗೆ ಎರಡು ಲೀಟರ್ ಲೆಕ್ಕದಲ್ಲಿ ನೀರು ಹೊತ್ಕೊಂಡು ಹೋಗಿ, ಮೇಲೆ ಅಂಗಡಿ ಇಲ್ಲ. ಅಲ್ಲಿರೋದು ಕಬ್ಬಿಣ ಯುಗದ ಶಿಲಾ ಸಮಾಧಿಗಳು, 2,000 ವರ್ಷಕ್ಕೂ ಹಿಂದಿನವು, ನೂರಾರು ಇವೆ. ನಾಲ್ಕು ಚಪ್ಪಡಿ ನಿಲ್ಸಿ ಮೇಲೊಂದು ಚಪ್ಪಡಿ ಮುಚ್ಚಿ, ಒಂದು ಬದಿಗೆ ದುಂಡಗೆ ಕಿಂಡಿ ಕೊರೆದಿದ್ದಾರೆ. ಜನ ಇದನ್ನ ಮೋರ್ಯರ ಗುಡ್ಡ ಅಂತಾರೆ, ಮೋರ್ಯರು ಅನ್ನೋ ಕುಳ್ಳ ಜನ ಇದ್ರು, ಇವು ಅವರ ಮನೆ ಅಂತ ಕಥೆ. ಆ ಕಿಂಡಿ ಅಳತೆ ನೋಡಿದ್ರೆ ಕಥೆ ಯಾಕೆ ಹುಟ್ಟಿತು ಅಂತ ತಕ್ಷಣ ಗೊತ್ತಾಗತ್ತೆ. ಎತ್ತರದ ಬಂಡೆ ಮೇಲೆ ನಗಾರಿ ಥರ ಶಬ್ದ ಬರೋ ಒಂದು ಗುಂಡುಕಲ್ಲೂ ಇದೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದೆ, ಆದ್ರೂ ಬರೋ ಜನ ತುಂಬಾ ಕಮ್ಮಿ. ಚಪ್ಪಡಿ ಮೇಲೆ ಹತ್ಬೇಡಿ, ಒಳಗೆ ನುಗ್ಗಿ ಫೋಟೋ ತೆಗೀಬೇಡಿ, ಎಷ್ಟೋ ಸಮಾಧಿಗಳು ಈಗಾಗ್ಲೇ ಬಿದ್ದುಹೋಗಿವೆ, ಇವು ಯಾರದ್ದೋ ಹಿರಿಯರು ಮಲಗಿರೋ ಜಾಗ.

ನಾಲ್ಕು ಗಂಟೆಗೆಲ್ಲ ಅಲ್ಲಿಂದ ಹೊರಡಿ. ಟೈಮ್ ಇದ್ರೆ ಕೊಪ್ಪಳದ ಗವಿಮಠದ ಹತ್ರ ಅಶೋಕನ ಶಾಸನ ಇದೆ, ಅದನ್ನೂ ನೋಡ್ಕೊಂಡು ಹೊಸಪೇಟೆಗೆ ಬಂದು ರಾತ್ರಿ ಟ್ರೈನ್ ಹತ್ತಬಹುದು. ವಾಪಸ್ ಟಿಕೆಟ್ ಮಾತ್ರ ಬುಕಿಂಗ್ ತೆರೆದ ಕೂಡ್ಲೇ, ಅಂದ್ರೆ 60 ದಿನ ಮುಂಚೆನೇ ಮಾಡ್ಸಿ, ಭಾನುವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೊನೇ ಗಳಿಗೆಗೆ ಬರ್ತ್ ಸಿಗೋದು ತುಂಬಾ ಕಷ್ಟ.